ಟಾಕಿಗೆ ಕೊಟ್ಟ ಮಗ

ದೇವಯ್ಯನ ಮನೆ ಮುಂದೆ ಯಾವುದಾದರೂ ಗಾಡಿ ಬಂದು ನಿಂತಿತೆಂದರೆ ಎಲ್ಲೋ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಅವನ ಹೆಂಡತಿ ಮರಮ್ಮ ಸತ್ತವರನ್ನು ಹೇಳಿಕೊಂಡು ಅಳುವುದರಲ್ಲಿ ಹುಣಸೂರು ಸೀಮೆಗೆಲ್ಲ ಹೆಸರಾದವಳು. ಸತ್ತವರ ಹೆಸರು ಹಿಡಿದು ಅವಳು ದನಿ ಎತ್ತಿದಳೆಂದರೆ ಅವರು ಹುಟ್ಟಿದ್ದು, ಬೆಳೆದದ್ದು, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟದ್ದು, ಕೊನೆಗಾಲಕ್ಕೆ ಏನು ತಿನ್ನಲು ಆಸೆಪಟ್ಟದ್ದು ಎಲ್ಲವೂ ಒಂದೊಂದಾಗಿ ಬರುತ್ತಿತ್ತು. ಆಗದವರೂ ಮೂಲೆಯಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದರು. ಅಳುವ ಮೊದಲು ಅವಳು ಮನೆಯವರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದಳು. ಇಲ್ಲದ ಮಾತು ಒಂದನ್ನೂ ಸೇರಿಸುತ್ತಿರಲಿಲ್ಲ. ಹಾಗೆ ಹೇಳಿ ಅತ್ತರೇ ಹೋದವರು ನೆಟ್ಟಗೆ ಹೋಗುತ್ತಾರೆ, ಮನೆ ಬಾಗಿಲಲ್ಲಿ ನಿಂತು ಕಾಯುವುದಿಲ್ಲ ಎಂದು ಅವಳ ನಂಬಿಕೆ.

ಹಾಗಾಗಿ ಆವತ್ತು ಹೊಂಗೆ ಮರದ ಕೆಳಗೆ ಷಣ್ಮುಖಪ್ಪನವರ ಕಾರು ನಿಂತಾಗ, ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಸೊಸೆ ಚೆಲುವಮ್ಮ ಮೊರ ಕೆಳಗಿಟ್ಟು ಒಳಗೆ ಕೂಗಿದಳು.

“ಅತ್ತೇ, ಯಾರೋ ಓದಂಗದೆ. ಸಾವ್ಕಾರ್ರ ಕಾರು ಬಂದದೆ.”

ಮರಮ್ಮ ಸೆರಗು ಕೊಡವಿಕೊಂಡು ಆಚೆ ಬಂದಳು. “ಯಾರು ಬುದ್ಧಿ? ಎಷ್ಟೊತ್ಗೆ ಓಯ್ತು ಜೀವ?”

“ಬಿಡ್ತು ಅನ್ನು ಮರಮ್ಮ. ಯಾರೂ ಸತ್ತಿಲ್ಲ,” ಎಂದರು ಷಣ್ಮುಖಪ್ಪ. “ನನಗೊಂದು ಕಥೆ ಬೇಕಾಗಿತ್ತು.”

ಷಣ್ಮುಖಪ್ಪನವರು ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುವವರು. ಮೈಸೂರಿಗೆ ಹೋಗಿ ಮಾತಾಡುವ ಸಿನಿಮಾ ನೋಡಿ ಬಂದ ಮೇಲೆ ತಾವೂ ಒಂದು ಟಾಕಿ ತೆಗೆಯಬೇಕೆಂದು ಹುಚ್ಚು ಹತ್ತಿಸಿಕೊಂಡಿದ್ದರು. ಕ್ಯಾಮೆರಾದವನು ಸಿಕ್ಕ, ಹಾಡುವವರು ಸಿಕ್ಕರು, ಸೀರೆ ಒಡವೆ ಸಮೇತ ನಾಯಕಿಯೂ ಸಿಕ್ಕಳು. ಕಥೆಯೊಂದೇ ಸಿಗಲಿಲ್ಲ. ಪತ್ರಿಕೆಯಲ್ಲಿ ‘ಕಥೆ ಬೇಕಾಗಿದೆ’ ಎಂದು ಹಾಕಿಸಿದರೆ ಕಟ್ಟುಗಟ್ಟಲೆ ಬಂದವು. ಎಲ್ಲದರಲ್ಲೂ ಒಬ್ಬಳು ರಾಜಕುಮಾರಿ ಬಾವಿಗೆ ಬೀಳುತ್ತಿದ್ದಳು. ನಾಟಕದ ಕಂಪನಿಯ ಕವಿಯೊಬ್ಬರು ಬಂದು ಒಂದು ತಿಂಗಳು ಅವರ ಮನೆಯಲ್ಲಿ ಹೋಳಿಗೆ ತುಪ್ಪ ಹೊಡೆದು, ಊರಿಗೆಲ್ಲ ಬಾಯಿಪಾಠವಾಗಿದ್ದ ಪುರಾಣವನ್ನೇ ಹಾಡು ಬದಲಾಯಿಸಿ ಕೈಗಿತ್ತು ಹೋದರು. ಹೈಸ್ಕೂಲಿನ ಮೇಷ್ಟ್ರೊಬ್ಬರು ಬರೆದ ಕಥೆಯಲ್ಲಿ ದನ ಕಾಯುವವನೂ ತಾಳೆಗರಿಯ ಕನ್ನಡ ಆಡುತ್ತಿದ್ದ. ಇಷ್ಟರಲ್ಲಿ ಷಣ್ಮುಖಪ್ಪನವರ ತಾಯಿ ತೀರಿಕೊಂಡರು. ಮರಮ್ಮ ಹೋಗಿ ಅತ್ತು ಬಂದಿದ್ದಳು.

“ನೀನು ಅಳೋದು ಕೇಳಿ ನಮ್ಮವ್ವನ್ನ ನಾನು ಅವತ್ತೇ ಮೊದಲು ಕಂಡ ಹಾಗಾಯಿತು,” ಎಂದರು ಅವರು. ಗುಮಾಸ್ತ ಚಿಕ್ಕಬಸಪ್ಪ ಕಾರಿನಿಂದ ಮಡಿಸುವ ಕುರ್ಚಿ ತೆಗೆದು ಮರದ ಕೆಳಗೆ ಹಾಕಿದ್ದ. ಜಗಲಿಗೆ ಅವರು ಹತ್ತುವವರಲ್ಲ, ಈ ಮನೆಯ ನೀರು ಕುಡಿಯುವವರೂ ಅಲ್ಲ. “ಅಂಥದೇ ಒಂದು ಹೇಳು. ಒಬ್ಬ ಮನುಷ್ಯನ ಬಾಳು. ಹುಟ್ಟಿದಾಗಿನಿಂದ ಸಾಯೋ ತನಕ. ಇವನು ಬರ್ಕೋತಾನೆ.”

“ಯಾರ್ ಬಾಳು ಬುದ್ಧಿ?”

“ಯಾರದಾದರೇನು? ಇಲ್ಲದವನನ್ನ ಇದ್ದಾನೆ ಅಂದ್ಕೊಂಡು ಹೇಳು.”

ಮರಮ್ಮನಿಗೆ ನಗು ಬಂತು. “ಇಲ್ದೋನು ಎಂಗ್ ಸಾಯ್ತಾನೆ ಬುದ್ಧಿ? ಸಾಯ್ದೋನ್ಗೆ ನಾ ಎಂಗ್ ಅಳ್ಲಿ?”

“ಹಿಂದೆ ಯಾರಿಗಾದರೂ ಅತ್ತಿದ್ದನ್ನೇ ಹೇಳು ಹಂಗಾದರೆ.”

“ಅವ್ರೆಲ್ಲಾ ಓದೋರು. ತಿರ್ಗಾ ಎಸ್ರಿಡಿದು ಕರುದ್ರೆ ಎದ್ದು ಬತ್ತಾರೆ. ಆಗಾಕಿಲ್ಲ.”

ಷಣ್ಮುಖಪ್ಪನವರು ಭತ್ತದ ಮಾತೆತ್ತಿದರು. ಕಥೆ ಮುಗಿಯುವ ತನಕ ಮನೆಗೆ ಅಕ್ಕಿ, ಮುಗಿದ ಮೇಲೆ ಭತ್ತದ ಮೂಟೆ. ಜಗಲಿಯ ಮೂಲೆಯಲ್ಲಿ ಊದಿಕೊಂಡ ಮಂಡಿ ನೀವಿಕೊಳ್ಳುತ್ತಿದ್ದ ದೇವಯ್ಯನ ಕೈ ಅಲ್ಲೇ ನಿಂತಿತು.

ಸಂಜೆ ಮುದ್ದೆ ಮುಂದಿಟ್ಟುಕೊಂಡು ಅವನು ಶುರುಮಾಡಿದ. “ಬಾಯಲ್ಲಿರೋ ಮಾತ್ಗೆ ಅಕ್ಕಿ ಕೊಡ್ತೀನಿ ಅಂತಾರೆ. ಬ್ಯಾಡ ಅಂತೀಯಲ್ಲ, ನಿನ್ಗೇನು ದೊಡ್ಡಸ್ತಿಕೆ?”

“ನಿಂಗೇನ್ ಗೊತ್ತು, ಸುಮ್ಕೆ ಉಣ್ಣು.”

“ಏನುಣ್ಲಿ? ಈ ಉಳ್ಳಿಕಾಳ್ ಸಾರು ತಿಂದೂ ತಿಂದೂ ನಾನೇ ಕುದ್ರೆ ಆದೆ. ಗದ್ದೆ ಕೆಲ್ಸ ನನ್ಕೈಲಿ ಆಗ್ತದಾ? ಈ ಎಣ್ಣು ಒಬ್ಳೇ ಕೂಲಿ ಮಾಡಿ ಮೂರು ಒಟ್ಟೆ ತುಂಬುಸ್ಬೇಕು.”

ಚೆಲುವಮ್ಮ ಮಾವನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು. ಅವಳ ಗಂಡ ಮಾದೇವ ಮೇಸ್ತ್ರಿಯ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋದವನು ಮೂರು ಮಳೆಗಾಲ ಕಳೆದರೂ ಬಂದಿರಲಿಲ್ಲ. ಜೊತೆಗೆ ಹೋದವರೆಲ್ಲ ಬಂದರು. ಅವನು ವೈನಾಡಿನ ಕಡೆ ದಾಟಿದ ಎಂದಷ್ಟೇ ಅವರು ಹೇಳಿದ್ದು. ಇದ್ದಾನೆ ಎಂದು ಯಾರೂ ಅನ್ನಲಿಲ್ಲ, ಸತ್ತ ಎಂದೂ ಅನ್ನಲಿಲ್ಲ. ಊರಿನ ಹೆಂಗಸರು ಮಾತ್ರ ಮರಮ್ಮನ ಬಾಯಿ ನೋಡುತ್ತಿದ್ದರು. ಊರಿಗೆಲ್ಲ ಅಳುವವಳು ಹೆತ್ತ ಮಗನಿಗೆ ಅತ್ತಿಲ್ಲ ಎಂದರೆ ಅವನಿದ್ದಾನೆ. ಚೆಲುವಮ್ಮನ ಕೈಬಳೆ, ಹಣೆಯ ಕುಂಕುಮ ನಿಂತದ್ದು ಆ ಒಂದು ಬಾಯಿಯ ಮೇಲೆ.

ಅಕ್ಕಿ ಬಂತು. ಮರಮ್ಮ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ದೇವಯ್ಯ ತಾನೇ ಒಲೆ ಹಚ್ಚಲು ಹೋಗಿ ಕೈ ಸುಟ್ಟುಕೊಂಡ. ಆಮೇಲೆ ಅವಳೇ ಎದ್ದು ಅನ್ನ ಮಾಡಿದಳು. ಮಾರನೆಯ ದಿನ ಕಾರು ಬಂದಾಗ ಹೊಂಗೆ ಮರದ ಬುಡದಲ್ಲಿ ಕಾಲು ಚಾಚಿ ಕೂತು, “ಬರ್ಕೊಳಿ ಬುದ್ಧಿ. ಅವನೆಸ್ರು ಬೆಟ್ಟಯ್ಯ,” ಎಂದಳು.

ಬೆಟ್ಟಯ್ಯ ಎಂಬ ಹೆಸರಿನವನು ಆ ಊರಲ್ಲಾಗಲಿ ನಂಟರಲ್ಲಾಗಲಿ ಯಾರೂ ಇರಲಿಲ್ಲ. ಚೆಲುವಮ್ಮನಿಗೆ ಸಮಾಧಾನವಾಯಿತು. ಒಳಗೆ ಸೊಪ್ಪು ಸೋಸುತ್ತಾ ಅರ್ಧ ಕಿವಿ ಕೊಟ್ಟಿದ್ದಳು. ಬೆಟ್ಟಯ್ಯ ಹುಟ್ಟಿದ, ಅಂಬೆಗಾಲಿಟ್ಟ. ಹಸು ತಿವಿದು ಅವನ ಹುಬ್ಬು ಸೀಳಿತು. ಉಣ್ಣುವಾಗ ಮೊದಲು ಸಾರನ್ನೆಲ್ಲ ಕುಡಿದು ಆಮೇಲೆ ಬರೀ ಮುದ್ದೆ ನುಂಗುತ್ತಿದ್ದ. ಸಿಟ್ಟು ಬಂದರೆ ಕೊಟ್ಟಿಗೆಗೆ ಹೋಗಿ ಎತ್ತಿನ ಜೊತೆ ಮಾತಾಡುತ್ತಿದ್ದ. ಚೆಲುವಮ್ಮನ ಕೈಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

ಕಾರು ಹೋಗುವುದನ್ನೇ ಕಾದಿದ್ದು ಆಚೆ ಬಂದಳು. “ಅತ್ತೆ, ನೀವು ಮಾಡ್ತಿರೋದು ಏನು ಗೊತ್ತಾ? ನನ್ ಗಂಡನ್ನ ಸಾಯಿಸ್ತಾ ಇದ್ದೀರ.”

“ಅವ್ನಲ್ಲ ಕಣಮ್ಮಿ. ಎಸ್ರು ಬದ್ಲಾಯ್ಸಿದ್ದೀನಲ್ಲ.”

“ಎಸ್ರು ಬದ್ಲಾಯ್ಸಿದ್ರೆ ಉಬ್ಬು ಬದ್ಲಾಯ್ತದಾ? ಬೇರೆ ಯಾರ್ದಾದ್ರೂ ಯೋಳ್ಬಾರ್ದಾಗಿತ್ತಾ?”

“ಸತ್ತೋರ್ದು ಬುಟ್ರೆ ನಂಗೆ ಗೊತ್ತಿರೋದು ಅವ್ನೊಬ್ನೇ ಕಣೆ,” ಎಂದಳು ಮರಮ್ಮ. ಮುಖ ಅತ್ತ ತಿರುಗಿಸಿಕೊಂಡಳು.

ದೇವಯ್ಯ ಒಳಗಿನಿಂದ ಗದರಿದ. “ಸಾಕ್ ನಿಲ್ಸಿ. ಬರಿ ಕತೆ ಅದು. ಕತೆ ಯೋಳುದ್ರೆ ಯಾರೂ ಸಾಯಾಕಿಲ್ಲ.”

ವಾರಕ್ಕೆರಡು ಸಲ ಕಾರು ಬರತೊಡಗಿತು. ಮನೆಯಲ್ಲಿ ದಿನಾ ಅನ್ನ. ದೇವಯ್ಯನ ಮುಖಕ್ಕೆ ಕಳೆ ಬಂತು. ಆದರೆ ಬೀದಿಯ ಹೆಂಗಸರು ಬೆಂಕಿ ಕೇಳಿಕೊಂಡು ಬರುವುದನ್ನು ಬಿಟ್ಟರು. ಮನೆ ಮುಂದೆ ಹಾದುಹೋದವರು ಸಾವಿನ ಮನೆಯಿಂದ ಬಂದವರ ಹಾಗೆ ತಮ್ಮ ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋಗುವುದನ್ನು ಚೆಲುವಮ್ಮ ಕಣ್ಣಾರೆ ಕಂಡಳು. ಒಂದು ದಿನ ಪಕ್ಕದ ಮನೆಯ ದೊಡ್ಡತಾಯಮ್ಮ ಗಡಿಗೆಯಲ್ಲಿ ಅನ್ನ ಸಾರು ತಂದು, ಮೇಲೆ ಮುತ್ತುಗದ ಎಲೆ ಮುಚ್ಚಿ, ಒಂದು ಮಾತೂ ಆಡದೆ ಜಗಲಿಯ ಮೇಲಿಟ್ಟು ಹೋದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆರೆಯವರು ತಂದಿಡುವ ಅನ್ನ ಅದು. ಚೆಲುವಮ್ಮ ಗಡಿಗೆ ಎತ್ತಿಕೊಂಡು ಹೋಗಿ ಅವಳ ಬಾಗಿಲಲ್ಲೇ ಸುರಿದಳು.

“ಯಾರ್ ಸತ್ತವ್ರೆ ಅಂತ ತಂದ್ಮಡುಗ್ದೆ? ನಿನ್ ಕಣ್ಗೆ ನನ್ ಬಳೆ ಕಾಣಾಕಿಲ್ವಾ?”

ದೊಡ್ಡತಾಯಮ್ಮ ಬೈಯಲಿಲ್ಲ, ಅದರಿಂದಲೇ ಚೆಲುವಮ್ಮನಿಗೆ ಇನ್ನೂ ದಿಗಿಲಾಯಿತು. “ನಿಮ್ಮತ್ತೆ ದನಿ ಕೇಳ್ತದೆ ಕಣವ್ವ,” ಎಂದಳು ಮೆಲ್ಲಗೆ. “ಅದು ಕತೆ ಯೋಳೋ ದನಿಯಲ್ಲ.”

ನಿಜ. ಕಥೆ ಮುಂದೆ ಹೋದ ಹಾಗೆ ಮರಮ್ಮನ ಮಾತು ರಾಗಕ್ಕೆ ತಿರುಗಿತ್ತು. ಬೆಟ್ಟಯ್ಯ ತೋಟಕ್ಕೆ ಹೋದ. ಅಲ್ಲಿ ಚಳಿಜ್ವರ ಬಂದು ಒಂದು ಕಂಬಳಿಯಲ್ಲಿ ಇಬ್ಬರು ಮಲಗಿದರು, ಬೆಳಿಗ್ಗೆ ನೋಡಿದರೆ ಪಕ್ಕದವನು ತಣ್ಣಗಾಗಿದ್ದ. ಬೆಟ್ಟಯ್ಯ ಆ ಕಂಬಳಿಯನ್ನು ಹೊಳೆಯಲ್ಲಿ ಒಗೆದು, ಹಿಂಡಿ, ಹೊದ್ದುಕೊಂಡ. ಚಿಕ್ಕಬಸಪ್ಪ ಬರೆಯುವುದನ್ನು ನಿಲ್ಲಿಸಿ ಕೇಳಿದ, “ಇದು ನಿನಗೆ ಯಾರು ಹೇಳಿದರು?”

ಮರಮ್ಮ ನಿದ್ದೆಯಿಂದ ಎದ್ದವಳ ಹಾಗೆ ನೋಡಿದಳು. “ಯಾರೂ ಇಲ್ಲ ಬುದ್ಧಿ. ಬಾಯ್ಗೆ ಬತ್ತದೆ.”

ಕೊನೆಗೆ ಬೆಟ್ಟಯ್ಯ ಕಪಿಲೆ ಹೊಳೆಯ ದಡಕ್ಕೆ ಬಂದ. ಹೊಳೆ ತುಂಬಿತ್ತು. ಹರಿಗೋಲಿಗೆ ಒಂದು ಕಾಲಿಟ್ಟ. ಅಷ್ಟು ಹೇಳಿ ಮರಮ್ಮ ಸುಮ್ಮನಾದಳು. ಮುಂದಿನ ಸಲವೂ ಅಷ್ಟೇ, ಅದರ ಮುಂದಿನ ಸಲವೂ ಅಷ್ಟೇ. ಒಂದು ಕಾಲು ಹರಿಗೋಲಿನಲ್ಲಿ, ಒಂದು ಕಾಲು ದಡದಲ್ಲಿ ಇಟ್ಟುಕೊಂಡು ಬೆಟ್ಟಯ್ಯ ಎರಡು ವಾರ ನಿಂತ. ಮರಮ್ಮನಿಗೆ ಅನ್ನ ಸೇರದಾಯಿತು. ತಟ್ಟೆ ಮುಂದೆ ಕೂತು ಹೊಳೆಯ ಸದ್ದು ಕೇಳುತ್ತಿದೆ ಎನ್ನುತ್ತಿದ್ದಳು. ಆ ಊರಿಗೂ ಕಪಿಲೆಗೂ ಒಂದು ದಿನದ ದಾರಿ.

ಷಣ್ಮುಖಪ್ಪನವರ ತಾಳ್ಮೆ ಮುಗಿಯಿತು. “ಮುಳುಗಿಸಿಬಿಡು ಮರಮ್ಮ. ಸತ್ತರೆ ತಾನೇ ಜನ ಅಳೋದು? ಹೇಳು, ಹರಿಗೋಲು ಮಗುಚಿತು ಅಂತ ಹೇಳು.”

ಮರಮ್ಮ ಬಾಯಿ ತೆರೆದಳು. ಅವಳ ಗಂಟಲಲ್ಲಿ ಆ ದನಿ ಏಳುವುದನ್ನು ಚೆಲುವಮ್ಮ ಕೇಳಿದಳು. ಹೊಸ್ತಿಲು ದಾಟಿ ಓಡಿಬಂದು ಗಂಡಸರ ಮುಂದೆ ನಿಂತಳು.

“ಅವ್ನು ಸಾಯಾಕಿಲ್ಲ ಬುದ್ಧಿ! ಕೊನೆ ನಾ ಯೋಳ್ತೀನಿ, ಬರ್ಕೊಳಿ. ಒಳೆ ದಾಟ್ತಾನೆ. ಮಟಮಟ ಮಧ್ಯಾಹ್ನ ಮನೆಗೆ ಬತ್ತಾನೆ. ಎಗಲ ಮೇಲೆ ಅದೇ ಕಂಬ್ಳಿ ಇರ್ತದೆ. ಬೇಲಿ ತಾವು ನಿಂತು ‘ಅವ್ವೋ, ನೀರು’ ಅಂತಾನೆ. ಅವ್ರವ್ವ ಓಡ್ಬತ್ತಾಳೆ.”

ಷಣ್ಮುಖಪ್ಪನವರು ತೊಡೆ ತಟ್ಟಿದರು. “ಆಹಾ! ಇದಪ್ಪಾ ಕೊನೆ ಅಂದರೆ! ಬರ್ಕೋ ಚಿಕ್ಕಬಸಪ್ಪ.”

ಅವರೆಲ್ಲ ಹೋದ ಮೇಲೆ ಮರಮ್ಮ ಸೊಸೆಯ ಮುಖವನ್ನೇ ನೋಡುತ್ತಾ ಕೂತಳು. “ಇಲ್ದಿದ್ದು ಸೇರುಸ್ಬುಟ್ಟೆ ಕಣಮ್ಮಿ,” ಎಂದಳು. “ಏನು ಬತ್ತದೋ ಏನೋ.”

“ಬಂದ್ರೆ ಬರ್ಲಿ. ಅವ್ನು ಬಂದ್ರೆ ಸಾಕು,” ಎಂದಳು ಚೆಲುವಮ್ಮ.

ಭತ್ತ ಬಂತು, ಕಾರು ಬರುವುದು ನಿಂತಿತು. ಟಾಕಿಗೆ ಪಾಲುದಾರರು ಬೇಕಲ್ಲ, ಷಣ್ಮುಖಪ್ಪನವರು ಬೆಟ್ಟಯ್ಯನ ಕಥೆಯನ್ನು ಊರೂರಿಗೆ ಹೊತ್ತರು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವರ್ತಕರ ಮುಂದೆ, ಕೃಷ್ಣರಾಜನಗರದ ಅಕ್ಕಿ ಗಿರಣಿಯವರ ಮುಂದೆ, ಹೆಗ್ಗಡದೇವನಕೋಟೆಯ ಛತ್ರದಲ್ಲಿ, ಎಲ್ಲೆಲ್ಲಿ ನಾಲ್ಕು ಜನ ದುಡ್ಡಿರುವವರು ಸಿಕ್ಕರೋ ಅಲ್ಲೆಲ್ಲ ಚಿಕ್ಕಬಸಪ್ಪ ದನಿ ತೆಗೆದು ಓದಿದ. ದುಡ್ಡಿದ್ದವರು ಒಳಗೆ ಕೂತು ಕೇಳಿದರೆ ಇಲ್ಲದವರು ಕಿಟಕಿಯಲ್ಲಿ ನಿಂತು ಕೇಳಿದರು. ಸಂತೆಯಿಂದ ಬಂದವರು, “ನಿಮ್ ಕತೆ ಕೇಳುದ್ವಿ ಕಣ್ ದೇವಯ್ಯ, ಕಣ್ಣಲ್ಲಿ ನೀರು ಬಂತು,” ಎನ್ನುತ್ತಿದ್ದರು. ದೇವಯ್ಯ ಬೀಗುತ್ತಿದ್ದ.

ಅವರೆ ಕಾಯಿ ಬಿಡಿಸುವ ಕಾಲ. ಮಟಮಟ ಮಧ್ಯಾಹ್ನ. ಅತ್ತೆ ಸೊಸೆ ಇಬ್ಬರೂ ಜಗಲಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ.

“ಅವ್ವೋ, ನೀರು.”

ಬೇಲಿಯ ಹತ್ತಿರ ಗಡ್ಡ ಬಿಟ್ಟ, ಬಡಕಲು ಮೈಯ ಗಂಡಸು ನಿಂತಿದ್ದ. ಹೆಗಲ ಮೇಲೆ ಕಂಬಳಿ. ಹುಬ್ಬಿನ ಮೇಲೆ ಸೀಳಿದ ಕಲೆ. ಮರಮ್ಮ ಮೊರವನ್ನು ಚೆಲ್ಲಿ ಓಡಿದಳು. ದೇವಯ್ಯ ಮಂಡಿ ನೋವನ್ನೂ ಮರೆತು ಎದ್ದು ಬಂದು, “ಮಾದೇವಾ! ಮಾದೇವ ಕಣೆ!” ಎಂದು ಅರಚಿದ. ಬಂದವನು “ಊಂ,” ಎಂದ.

ಚೆಲುವಮ್ಮ ಕೂತಲ್ಲಿಂದ ಏಳಲಿಲ್ಲ. ಅವನ ಹುಬ್ಬನ್ನೇ ನೋಡಿದಳು. ಕಲೆ ಎಡಗಡೆ ಇತ್ತು. ಮಾದೇವನಿಗೆ ಇದ್ದದ್ದು ಎಡಗಡೆಯೋ, ಬಲಗಡೆಯೋ? ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ಹಸು ತಿವಿದು ಹುಬ್ಬು ಸೀಳಿತು ಎಂಬ ಅತ್ತೆಯ ಮಾತು ಮಾತ್ರ ಕಿವಿಯಲ್ಲಿತ್ತು, ಗಂಡನ ಮುಖ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಅಯ್ಯೋ ಶಿವನೇ ಎಂದು ಅವಳಿಗೆ ಅಳು ಬಂತು.

ಅವನು ಉಂಡ. ಮೊದಲು ಸಾರನ್ನೆಲ್ಲ ಕುಡಿದು, ಆಮೇಲೆ ಬರೀ ಮುದ್ದೆ ನುಂಗಿದ. ಮರಮ್ಮ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ತೋಟದ ಮಾತು ಕೇಳಿದರೆ ಚಳಿಜ್ವರ ಎಂದ, ಒಂದು ಕಂಬಳಿಯಲ್ಲಿ ಇಬ್ಬರು ಮಲಗಿದ್ದೆವು ಎಂದ. ಮರಮ್ಮ ಹೇಳಿದ್ದ ಮಾತೇ, ಅದೇ ಸಾಲಿನಲ್ಲಿ ಬಂತು. ಕೊಟ್ಟಿಗೆಗೆ ಹೋಗಿ ಎತ್ತಿನ ಕಿವಿಯಲ್ಲಿ ಏನೋ ಅಂದ. ಎತ್ತು ಕಣ್ಣು ಕೆಕ್ಕರಿಸಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಆನಿಕೊಂಡು ನಿಂತಿತು. ಮೂರು ವರ್ಷ ಕಂಡಿಲ್ಲವಲ್ಲ, ಗುರುತು ಸಿಕ್ಕಿಲ್ಲ ಎಂದ ದೇವಯ್ಯ.

ಮೂಗಿಗೆ ಹತ್ತಿದ ನಾತದ ಹಾಗೆ ಅನುಮಾನ ಚೆಲುವಮ್ಮನ ಜೊತೆಯಲ್ಲೇ ಓಡಾಡಿತು. ಎರಡು ದಿನ ಅವಳು ದೊಡ್ಡತಾಯಮ್ಮನ ಜಗಲಿಯಲ್ಲಿ ಮಲಗಿದಳು. ಮುಟ್ಟಾಗಿದ್ದೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದಳು. ನೀರಿನ ದಾರಿಯಲ್ಲಿ ಮಾವನನ್ನು ತಡೆದು ನಿಲ್ಲಿಸಿದಳು.

“ಮಾವ, ಅವ್ನಿಗೆ ಕತೆಯಾಗಿದ್ದು ಬುಟ್ರೆ ಬೇರೇನೂ ಗೊತ್ತಿಲ್ಲ. ನೀವೇ ಕೇಳ್ನೋಡಿ. ನಿಮ್ ತಮ್ಮನ್ ಮಗ ಚಿಕ್ಕಮಾದಯ್ಯನ್ ಮದ್ವೇಲಿ ಕುಣಿದಿದ್ದು ಕೇಳುದ್ರೆ ನಗ್ತಾನೆ, ಅಷ್ಟೇಯ.”

ದೇವಯ್ಯ ನೆಲವನ್ನೇ ಕೋಲಿನಿಂದ ಕೆರೆದ. “ನಂಗೂ ಕಣ್ಣದೆ ಕಣವ್ವ,” ಎಂದ. “ಆದ್ರೆ ನಿಮ್ಮತ್ತೆ ಮೂರೊತ್ತು ಉಣ್ತಾವ್ಳೆ. ಒಳೆ ಸದ್ದು ಕೇಳ್ತದೆ ಅನ್ನೋದು ಬುಟ್ಟವ್ಳೆ. ಅವ್ನು ಗದ್ದೆಗೂ ಬತ್ತೀನಿ ಅಂತಾನೆ. ಸುಮ್ಕಿರು. ನಿಂಗೆ ಕೈ ಮುಗೀತೀನಿ.”

“ನಾ ಯಾರ್ ಜೊತೆ ಬಾಳ್ವೆ ಮಾಡ್ಲಿ ಮಾವ?”

ಅವನು ಕೋಲೂರಿಕೊಂಡು ಕುಂಟುತ್ತಾ ಹೋದ.

ಆವತ್ತು ಮಧ್ಯಾಹ್ನ ಬಂದವನಿಗೆ ಚೆಲುವಮ್ಮನೇ ಉಣ್ಣಲಿಟ್ಟಳು. ಮರಮ್ಮ ಅವನ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು. ಚೆಲುವಮ್ಮ ಮುದ್ದೆ ಬಡಿಸಿ ಅಲ್ಲೇ ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು.

“ನಮ್ ಮಗೀನ ಏನಂತ ಕರೀತಿದ್ದೆ ನೀನು?”

ಒಂದು ಹೆಣ್ಣು ಮಗು ಆಗಿತ್ತು ಅವಳಿಗೂ ಮಾದೇವನಿಗೂ. ಮೊಲೆ ಹಿಡಿಯುವುದನ್ನು ಕಲಿಯುವ ಮೊದಲೇ ಹೋಯಿತು. ಅಷ್ಟು ಎಳೆಯ ಕೂಸಿಗೆ ಯಾರೂ ಹೇಳಿಕೊಂಡು ಅಳುವುದಿಲ್ಲ, ಹೆಸರಿಡುವುದೂ ಇಲ್ಲ. ಮರಮ್ಮ ಬೆಟ್ಟಯ್ಯನ ಬಾಳಿನಲ್ಲಿ ಅದನ್ನು ಸೇರಿಸಿರಲಿಲ್ಲ. ಆದರೆ ಮಾದೇವ ಅದಕ್ಕೊಂದು ಹೆಸರಿಟ್ಟಿದ್ದ, ಹೆಂಡತಿಯ ಕಿವಿಯಲ್ಲಿ ಮಾತ್ರ ಹೇಳಿದ್ದ.

ಅವನು ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡ. ಅವಳನ್ನು ನೋಡಿದ. ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹಸಿದವನ ಕಣ್ಣು ಅಷ್ಟೆ.

“ಜ್ವರ ಬಂದು ಎಲ್ಲಾ ಮರ್ತೋಗದೆ,” ಎಂದ. “ನೀನೇ ಯೋಳು. ಯೋಳುದ್ರೆ ಅಂಗೇ ಇರ್ತೀನಿ.”

ಅವಳು ಹೇಳಿಬಿಡಬಹುದಿತ್ತು. ಇವತ್ತೊಂದು, ನಾಳೆಯೊಂದು ಹೇಳುತ್ತಾ ಹೋದರೆ ವರ್ಷ ಕಳೆಯುವುದರಲ್ಲಿ ಇವನು ಮಾದೇವನೇ ಆಗುತ್ತಿದ್ದ. ಬಳೆ ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು. ಆಗ ಆ ಹೊಳೆಯ ದಡದಲ್ಲಿ ಹರಿಗೋಲಿಗೆ ಒಂದು ಕಾಲಿಟ್ಟು ನಿಂತವನು ಎಲ್ಲಿಗೆ ಬರಬೇಕು? ಮಾದೇವ ಸತ್ತಿದ್ದಾನೆ ಎಂದು ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಖಂಡಿತವಾಗಿ ಗೊತ್ತಾಯಿತು. ಅವಳು ಎದ್ದು ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಎರಡು ಕೈಯಲ್ಲೂ ಎದೆ ಬಡಿದುಕೊಂಡಳು.

“ಓ ನನ್ ಮಾದೇವಾ... ಓ ನನ್ ದೊರೆಯೇ...”

ಅವಳಿಗೆ ರಾಗ ಬರುತ್ತಿರಲಿಲ್ಲ, ಅತ್ತೆಯ ಹಾಗೆ ಜೋಡಿಸಲೂ ಬರುತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಹೇಳಿಕೊಂಡು ಅತ್ತಳು. ಮದುವೆಯಲ್ಲಿ ಅವನ ಪೇಟ ಜಾರಿದ್ದು, ಅವಳಿಗೆಂದು ಸಂತೆಯಿಂದ ಕದ್ದು ತಂದ ಬತ್ತಾಸು, ಸತ್ತ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅವನು ಹೊನ್ನೀ ಎಂದು ಕರೆದದ್ದು. “ನಿನ್ ಒನ್ನಿ ತಾವ್ಕೆ ಓಗಪ್ಪಾ, ಒಳೆ ದಂಡೇಲಿ ನಿಲ್ಬೇಡ, ಓಗು” ಎಂದು ಕೂಗಿದಳು. ಬಳೆ ನೆಲಕ್ಕೆ ಬಡಿದು ಚೂರಾಯಿತು.

ಬಂದವನು ಉಣ್ಣುವುದನ್ನು ನಿಲ್ಲಿಸಿದ್ದ. ಎದ್ದೂ ಹೋಗಲಿಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು, ಒಂದು ಮಾತೂ ಬಿಟ್ಟುಹೋಗದ ಹಾಗೆ ಕೇಳುತ್ತಿದ್ದ. ಅವಳು ಹೇಳಿದ ಒಂದೊಂದನ್ನೂ ಅವನ ತುಟಿ ಸದ್ದಿಲ್ಲದೆ ಹಿಂದೆಯೇ ಹೇಳಿಕೊಳ್ಳುತ್ತಿತ್ತು.

ದನಿ ಕೇಳಿ ಬೀದಿಯ ಹೆಂಗಸರು ಬಾಗಿಲಿಗೆ ಬಂದರು. ದೊಡ್ಡತಾಯಮ್ಮ ಒಳಗೆ ಇಣುಕಿ, ತಟ್ಟೆ ಮುಂದೆ ಕೂತವನನ್ನು ನೋಡಿ, ಅಳುತ್ತಿದ್ದವಳನ್ನು ನೋಡಿ, ಕಕ್ಕಾಬಿಕ್ಕಿಯಾದಳು.

“ಯಾರವ್ವಾ ಸತ್ತಿದ್ದು?”

ಮರಮ್ಮ ಅವನ ಬೆನ್ನ ಮೇಲಿದ್ದ ಕೈಯನ್ನು ತೆಗೆದಳು. ಸೆರಗಿಗೆ ಒರೆಸಿಕೊಂಡಳು. ಎದ್ದು ಬಂದು ಸೊಸೆಯ ಮಗ್ಗುಲಲ್ಲಿ ಕೂತು, ಅವಳ ಹೆಗಲ ಮೇಲೆ ಕೈ ಹಾಕಿದಳು.

“ನನ್ ಮಗ ಕಣವ್ವ,” ಎಂದಳು. ಸೊಸೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕಡೆಯಿಂದ ತಾನು ದನಿ ಎತ್ತಿದಳು.